ನಾಲ್ಕು ಅಂಕದ ಪ್ರಶ್ನೆ

ಕಂಪ್ಲಿಯ ಆ ಹೈಸ್ಕೂಲಿನಲ್ಲಿ ಅನುಸೂಯಾಳಿಗೆ ‘ಪೀಠಿಕೆ ಟೀಚರ್’ ಅಂತಲೇ ಹೆಸರು ಬಿದ್ದಿತ್ತು. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಮೈಕಿನ ಮುಂದೆ ನಿಂತು ಸಂವಿಧಾನದ ಪೀಠಿಕೆಯನ್ನು ಮಕ್ಕಳಿಗೆ ಹೇಳಿಕೊಡುವವಳು ಅವಳೇ. ಕೈಯಲ್ಲಿ ಕಾಗದ ಹಿಡಿಯುತ್ತಿರಲಿಲ್ಲ. ‘ಭಾರತದ ಜನತೆಯಾದ ನಾವು’ ಎಂದು ಅವಳು ದನಿ ಎತ್ತಿದರೆ ಮುನ್ನೂರು ಮಕ್ಕಳ ದನಿ ಹಿಂದೆಯೇ ಏಳುತ್ತಿತ್ತು. ಮಕ್ಕಳನ್ನು ಬಿಡಲು ಬಂದ ಅಪ್ಪಂದಿರು ಗೇಟಿನಾಚೆ ಬೈಕಿನ ಮೇಲೆ ಕೂತೇ ಕೇಳಿ ಹೋಗುತ್ತಿದ್ದರು. “ನಮ್ಮ ತಾಲ್ಲೂಕಿನಾಗ ಹಿಂಗ ಹೇಳಿಸೋರು ಇನ್ನೊಬ್ರಿಲ್ರಿ ಟೀಚರ್” ಎಂದು ಹೆಡ್‌ಮಾಸ್ತರ್ ಲಿಂಗರಾಜ್ ಎಲ್ಲರ ಎದುರಿಗೇ ಹೇಳುತ್ತಿದ್ದರು. ಅನುಸೂಯಾಳಿಗೆ ಅದು ಸಣ್ಣ ಹೆಮ್ಮೆಯಾಗಿರಲಿಲ್ಲ.

ಮೂವತ್ತೆರಡು ವರ್ಷದವಳು. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬೇಡವೆಂದು ಬುಕ್ಕಸಾಗರದ ತವರಿಗೆ ಮರಳಿದ್ದಳು. ಒಂಬತ್ತು, ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದಳು. ತಾಯಿ ಬಸಕ್ಕ ಬಾಳೆತೋಟದ ಕೂಲಿಗೆ ಹೋಗುವವಳು, ಅಕ್ಷರ ಬಾರದವಳು. ಮನೆಯ ನಡುಗೋಡೆಯ ಮೇಲೆ ಬುದ್ಧನದೂ ಬಾಬಾಸಾಹೇಬರದೂ ಫೋಟೊ ಅಕ್ಕಪಕ್ಕ ಇದ್ದವು. ಅವನ್ನು ದಿನಾ ಬಟ್ಟೆಯಿಂದ ಒರೆಸುವ ಕೆಲಸ ಬಸಕ್ಕನದು.

ತಮ್ಮ ಪಂಪೇಶ್ ಅನುಸೂಯಾಳಿಗಿಂತ ಏಳು ವರ್ಷ ಚಿಕ್ಕವನು. ತಂದೆ ತೀರಿಕೊಂಡಾಗ ಅವನಿಗೆ ಆರು ವರ್ಷ. ಅವ್ವ ಕೂಲಿಗೆ ಹೋದ ಮೇಲೆ ಅವನಿಗೆ ತಲೆ ಬಾಚಿ, ಅನ್ನ ಕಲಸಿ ಉಣ್ಣಿಸಿ, ಕೈ ಹಿಡಿದು ಅ ಆ ಇ ಈ ತಿದ್ದಿಸಿದವಳು ಅನುಸೂಯಾ. ಹದಿನಾಲ್ಕನೇ ವಯಸ್ಸಿಗೆ ಅವನಿಗೆ ಫಿಟ್ಸ್ ಶುರುವಾಯಿತು. ಬಳ್ಳಾರಿಯ ಡಾಕ್ಟರು, ಮುಂಜಾನೆ ಒಂದು, ಸಂಜೆ ಒಂದು ಗುಳಿಗೆ ಬರೆದುಕೊಟ್ಟು, “ಒಂದು ದಿನಾನೂ ತಪ್ಪಿಸಬಾರದು” ಎಂದಿದ್ದರು. ತಪ್ಪಿಸಿರಲಿಲ್ಲ. ಆರು ವರ್ಷದಿಂದ ಒಮ್ಮೆಯೂ ಬಿದ್ದಿರಲಿಲ್ಲ. ಆದರೂ ಆಟೋ ಓಡಿಸುವ ಆಸೆಯನ್ನು ತಾನಾಗಿಯೇ ಬಿಟ್ಟು, ಹಂಪಿಯಲ್ಲಿ ಸೈಕಲ್ ಬಾಡಿಗೆ ಅಂಗಡಿ ಇಟ್ಟುಕೊಂಡಿದ್ದ. ಹದಿನೆಂಟು ಸೈಕಲ್ಲು. “ಬ್ರೇಕ್ ಸರಿ ಐತಿ, ಹೆದರಬ್ಯಾಡ್ರಿ” ಎಂಬುದನ್ನು ನಾಲ್ಕು ದೇಶದ ಭಾಷೆಯಲ್ಲಿ ಹೇಳಲು ಕಲಿತಿದ್ದ. ಯಾವ ಗಿರಾಕಿ ಸೈಕಲ್ ವಾಪಸ್ ತಂದರೂ ಮೊದಲು ನೀರು ಕೊಡುವವನು, ಆಮೇಲೆ ಸೈಕಲ್ ನೋಡುವವನು.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಒಬ್ಬ ಪರದೇಶದ ಹುಡುಗಿ ಸೈಕಲ್ ತಿರುಗಿ ತಂದು ನಿಲ್ಲಿಸಿ ಹೋದಳು. ಅರ್ಧ ತಾಸಿನ ಮೇಲೆ ಅಳುತ್ತ ಬಂದಳು. ಮುಂದಿನ ಬುಟ್ಟಿಯಲ್ಲಿ ಇಟ್ಟಿದ್ದ ಬ್ಯಾಗು ಇಲ್ಲ. ಅದರಲ್ಲಿ ಕ್ಯಾಮೆರಾ, ಪಾಸ್‌ಪೋರ್ಟ್. ಪಂಪೇಶ್ ಅವಳ ಜೊತೆ ತಾನೂ ಹುಡುಕಿದ. ನಾಲ್ಕು ಗಂಟೆಗೆ ಪೊಲೀಸ್ ಜೀಪು ಬಂತು. ಅವನು ಅಕ್ಕನಿಗೆ ಫೋನ್ ಮಾಡಿದಾಗ ಅನುಸೂಯಾ ಇನ್ನೂ ಶಾಲೆಯಲ್ಲಿದ್ದಳು.

“ಅಕ್ಕ, ಠಾಣೆಗೆ ಬಾ ಅಂದಾರ. ಏನೋ ಬರಕೋತಾರಂತ, ಹೋಗಿ ಬರ್ತೀನಿ. ಗುಳಿಗಿ ಅಂಗಡ್ಯಾಗ ಉಳೀತು, ಬರೋದು ತಡ ಆದ್ರ ತಂದು ಕೊಡು.”

ಆಮೇಲೆ ಅವನ ಫೋನು ಬಂದ್ ಆಯಿತು.

ಸಂಜೆ ಆರಕ್ಕೆ ತಾಯಿ ಮಗಳು ಹೊಸಪೇಟೆಯ ಠಾಣೆಯ ಮುಂದೆ ಇದ್ದರು. ಅನುಸೂಯಾ ತಾನು ಹೈಸ್ಕೂಲ್ ಟೀಚರ್ ಎಂದು ಹೇಳಿಕೊಂಡಳು. ಸಬ್ ಇನ್‌ಸ್ಪೆಕ್ಟರ್ ತಲೆಯೆತ್ತಿ ನೋಡಿ, ಕುರ್ಚಿ ತೋರಿಸಿದರು. ಬಸಕ್ಕ ಹೊರಗೆ ಕಟ್ಟೆಯ ಮೇಲೆ ಕೂತಳು.

“ಅರೆಸ್ಟ್ ಏನೂ ಮಾಡಿಲ್ಲಮ್ಮ. ವಿಚಾರಣೆಗೆ ಕರೆಸೀವಿ ಅಷ್ಟ. ಪರದೇಶದೋರ ವಿಷಯ, ಮ್ಯಾಲಿಂದ ಫೋನ್ ಬರಾಕತ್ಯಾವ. ನಾಳೆ ಕಳಿಸಿಬಿಡ್ತೀವಿ. ನೀವು ಓದಿದೋರು, ನಿಮಗ ಬಿಡಿಸಿ ಹೇಳಬೇಕೇನು?”

“ಇಲ್ಲ ಸರ್, ತಿಳೀತು” ಎಂದಳು ಅನುಸೂಯಾ. ತನಗೆ ಕುರ್ಚಿ ಕೊಟ್ಟರಲ್ಲ, ಮರ್ಯಾದೆಯಿಂದ ಮಾತಾಡಿದರಲ್ಲ ಎಂಬುದೇ ಆ ಹೊತ್ತಿನಲ್ಲಿ ಅವಳಿಗೆ ದೊಡ್ಡ ಸಮಾಧಾನವಾಗಿತ್ತು. ಅಂಗಡಿಯಿಂದ ತಂದ ಗುಳಿಗೆಯ ಪಾಕೀಟನ್ನೂ ರೊಟ್ಟಿಯ ಗಂಟನ್ನೂ ಮುರುಗೇಶ್ ಎಂಬ ಪೇದೆಯ ಕೈಗೆ ಕೊಟ್ಟು, “ಮುಂಜಾನೆ ಒಂದು, ಸಂಜಿಗೆ ಒಂದು ರೀ. ತಪ್ಪಿಸಬ್ಯಾಡ್ರಿ” ಎಂದಳು. ಮುರುಗೇಶ್ ಒಳ್ಳೆಯ ಮುಖದವನು. “ಆಯ್ತು ಟೀಚರಮ್ಮ” ಎಂದ.

ಶನಿವಾರ ಬೆಳಿಗ್ಗೆ ಅವ್ವನನ್ನು ಠಾಣೆಯ ಕಟ್ಟೆಯ ಮೇಲೆ ಕೂರಿಸಿ ಅನುಸೂಯಾ ಕಂಪ್ಲಿಯ ಬಸ್ ಹತ್ತಿದಳು. ಮುಂದಿನ ಬುಧವಾರ ಶಾಲೆಯಲ್ಲಿ ಸಂವಿಧಾನ ದಿನಾಚರಣೆ. ಶಾಸಕರು ಬರುತ್ತಾರೆಂದು ಸುದ್ದಿ. ಮಕ್ಕಳಿಗೆ ತಾಲೀಮು ಮಾಡಿಸಬೇಕಿತ್ತು. ಹನ್ನೆರಡರವರೆಗೆ ಬಿಸಿಲಿನಲ್ಲಿ ನಿಂತು ಮಾಡಿಸಿದಳು. ‘ಸ್ವಾತಂತ್ರ್ಯ’ ಎಂಬ ಮಾತಿಗೆ ಒತ್ತಕ್ಷರ ನುಂಗುತ್ತಿದ್ದ ಮಕ್ಕಳನ್ನು ಮುಂದೆ ಕರೆದು ಹತ್ತು ಸಲ ಹೇಳಿಸಿದಳು.

ಮಧ್ಯಾಹ್ನ ಮೂರಕ್ಕೆ ಅವಳು ಠಾಣೆಗೆ ಬಂದಾಗ ಬಸಕ್ಕ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಮಗನನ್ನು ಯಾರೂ ತೋರಿಸಿರಲಿಲ್ಲ. ಸಂಜೆ ನಾಲ್ಕಾಯಿತು, ಐದಾಯಿತು. ಸಾಹೇಬರು ಹೊರಗೆ ಹೋಗಿದ್ದಾರೆ ಎಂದರು. ಬಸಕ್ಕ ಎದ್ದು ನಿಂತಳು. ರಸ್ತೆಯ ಆಚೆ ಬೆರಳು ಮಾಡಿದಳು.

“ಅನಸೂ, ಹಿಂಗ ಕುಂತ್ರ ಆಗೂದಿಲ್ಲ. ಕೋರ್ಟ್ ಇಲ್ಲೇ ಐತಿ, ನಡಕೊಂಡು ಹೋಗೋ ಹಾದಿ. ಅಲ್ಲಿ ಕರಿ ಕೋಟಿನೋರು ಇರ್ತಾರ. ಯಾರನ್ನರ ಒಬ್ಬರನ್ನ ಕೇಳೋಣು ನಡಿ.”

“ಅವ್ವ, ಅವನ್ನ ಅರೆಸ್ಟೇ ಮಾಡಿಲ್ಲ. ನಾವಾಗಿ ಕೋರ್ಟಿಗೆ ಹೋದ್ವಿ ಅಂದ್ರ ಕೇಸ್ ಆಗ್ತದ. ಅವನ ಹೆಸರು ಕೆಡ್ತದ, ಅಂಗಡಿ ಲೈಸೆನ್ಸ್ ಹೋಗ್ತದ. ದೊಡ್ಡೋರನ್ನ ಎದುರು ಹಾಕ್ಕೋಬಾರದು. ನಾ ಓದೀನಿ, ನನಗ ಗೊತ್ತಾಗ್ತದ. ಸುಮ್ನಿರು.”

ಬಸಕ್ಕ ಮಗಳ ಮುಖ ನೋಡಿದಳು. ಇಪ್ಪತ್ತು ವರ್ಷ ಬಾಳೆಗೊನೆ ಹೊತ್ತು ಓದಿಸಿದ ಮಗಳು. ಅವಳ ಮಾತಿನ ಮೇಲೆ ತನ್ನ ಮಾತು ಆಡಬಾರದೆಂದು ಬಸಕ್ಕ ತನಗೆ ತಾನೇ ಹಾಕಿಕೊಂಡಿದ್ದ ಕಟ್ಟಳೆ. ಸೆರಗು ಕೊಡವಿ ಮತ್ತೆ ಕೂತಳು.

ಭಾನುವಾರ ಬೆಳಿಗ್ಗೆ ಪಂಪೇಶ್ ಕಣ್ಣಿಗೆ ಬಿದ್ದ. ಹಿಂದಿನ ಕೋಣೆಯ ಕಿಟಕಿಯಲ್ಲಿ ಒಂದು ಗಳಿಗೆ ನಿಂತಿದ್ದ. ತುಟಿ ಒಣಗಿತ್ತು. ಅಕ್ಕನನ್ನು ಕಂಡು ನಕ್ಕ. ಆಮೇಲೆ ಕೈ ಬಾಯಿಗೆ ತಂದು, ಗುಳಿಗೆ ನುಂಗುವ ಹಾಗೆ ತೋರಿಸಿದ. ಅನುಸೂಯಾ ಓಡಿಹೋಗಿ ಮುರುಗೇಶನನ್ನು ಕೇಳಿದಳು.

“ಕೊಡ್ತೀನಿ ಟೀಚರಮ್ಮ. ಸಾಹೇಬ್ರನ್ನ ಒಂದು ಮಾತು ಕೇಳಬೇಕು. ಔಷಧ ಅಂದ್ರ ಕೇಳದ ಕೊಡೋ ಹಂಗಿಲ್ಲ.”

ಪಾಕೀಟು ಅವನ ಮೇಜಿನ ಮೇಲೆ, ಫೈಲುಗಳ ಪಕ್ಕದಲ್ಲಿ ಇತ್ತು. ಶುಕ್ರವಾರ ತಾನು ಹಾಕಿದ ರಬ್ಬರ್ ಬ್ಯಾಂಡು ಹಾಗೆಯೇ ಇದ್ದುದನ್ನು ಅನುಸೂಯಾ ಕಂಡಳು. ಎರಡನೇ ಸಲ ಕೇಳಲು ಬಾಯಿ ತೆರೆದಳು. ಅವನಿಗೆ ಬೇಸರವಾದರೆ ತಮ್ಮನಿಗೇ ತೊಂದರೆ ಎಂದುಕೊಂಡು ಮುಚ್ಚಿದಳು.

ಮಧ್ಯಾಹ್ನ ಮುರುಗೇಶನೇ ಹೊರಗೆ ಬಂದು ದನಿ ತಗ್ಗಿಸಿ ಹೇಳಿದ. “ಬ್ಯಾಗ್ ಸಿಕ್ಕೇತಂತ. ಕಡ್ಡಿರಾಂಪುರದ ಒಂದು ಖಾನಾವಳ್ಯಾಗ ಊಟಕ್ಕ ಇಳದಾಗ ಆ ಹುಡುಗೀನೇ ಮರೆತು ಬಂದಿದ್ಳಂತ. ಅವರು ಎತ್ತಿ ಇಟ್ಟಿದ್ರು. ನಿಮ್ಮ ತಮ್ಮಂದು ಏನೂ ಇಲ್ಲ. ಸಾಹೇಬ್ರು ಬಂದೋಬಸ್ತ್ ಮ್ಯಾಲ ಹೋಗ್ಯಾರ. ನಾಳೆ ಮುಂಜಾನೆ ಬಂದ ಕೂಡ್ಲೇ ಬಿಡ್ತಾರ. ಅವರಿಲ್ಲದ ನಾವು ಬಿಡಾಕ ಬರಂಗಿಲ್ಲ.”

ಬಸಕ್ಕ ಮುರುಗೇಶನಿಗೆ ಕೈ ಮುಗಿದಳು. ಅನುಸೂಯಾಳೂ ಮುಗಿದಳು. ತಪ್ಪಿಲ್ಲವೆಂದು ಗೊತ್ತಾದ ಮೇಲೂ ಒಬ್ಬ ಮನುಷ್ಯನನ್ನು ಇನ್ನೊಂದು ದಿನ ಒಳಗೆ ಇಟ್ಟುಕೊಳ್ಳುತ್ತೇವೆ ಎಂದವನಿಗೆ ಅವರಿಬ್ಬರೂ ಕೈ ಮುಗಿದು, ಬುಕ್ಕಸಾಗರದ ಬಸ್ಸಿಗೆ ಹೋದರು. ದಾರಿಯಲ್ಲಿ ಬಸಕ್ಕ ಮಗನಿಗೆಂದು ಮೆಂತ್ಯ ಸೊಪ್ಪು ಕೊಂಡಳು.

ಸೋಮವಾರ ಎಂಟು ಗಂಟೆಗೆ ಅವರು ಬಂದಾಗ ಠಾಣೆಯ ಮುಂದೆ ಜೀಪು ಇರಲಿಲ್ಲ. ಮುರುಗೇಶ್ ಬಾಗಿಲಿಗೆ ಬಂದ. ಮುಖ ನೋಡಲಿಲ್ಲ.

“ದವಾಖಾನಿಗೆ ಹೋಗ್ರಿ” ಎಂದ.

“ಯಾಕ್ರಿ? ಏನಾತು?”

“ಹೋಗ್ರಮ್ಮ.”

ಸರ್ಕಾರಿ ಆಸ್ಪತ್ರೆಯ ಹಿಂಬದಿಯ ವರಾಂಡದಲ್ಲಿ ಒಂದು ಸ್ಟ್ರೆಚರ್ ಮೇಲೆ ಅವನಿದ್ದ. ಮುಖದ ಮೇಲೆ ಬಟ್ಟೆ. ಸರಿಸಿ ನೋಡಿದರೆ ನಾಲಿಗೆ ಹಲ್ಲಿನ ನಡುವೆ ಸಿಕ್ಕಿ ಕತ್ತರಿಸಿತ್ತು. ಬೆಳಗಿನ ಜಾವದಿಂದ ಒಂದರ ಹಿಂದೊಂದು ಫಿಟ್ಸ್ ಬಂದವು, ಜೀಪಿನಲ್ಲಿ ತರುವಾಗ ಹಾದಿಯಲ್ಲೇ ಹೋಯಿತು ಎಂದರು. ಬಸಕ್ಕ ಅಳಲಿಲ್ಲ. ಮಗನ ಕಾಲು ತಣ್ಣಗಿವೆ ಎಂದು ತನ್ನ ಸೆರಗಿನಿಂದ ಮುಚ್ಚಿ, ಎರಡೂ ಅಂಗಾಲು ತಿಕ್ಕತೊಡಗಿದಳು. ನರ್ಸು ಬಂದು, “ಬಿಡಮ್ಮ” ಎಂದು ಕೈ ಹಿಡಿಯುವ ತನಕ ತಿಕ್ಕುತ್ತಲೇ ಇದ್ದಳು. ಅನುಸೂಯಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

ಮಂಗಳವಾರ ಬುಕ್ಕಸಾಗರದಲ್ಲಿ ಮಣ್ಣು ಮಾಡಿದರು. ಹಂಪಿಯ ಸೈಕಲ್ ಅಂಗಡಿಯವರು, ಆಟೋದವರು ಎಲ್ಲ ಬಂದಿದ್ದರು. ಬುಧವಾರ ಬೆಳಿಗ್ಗೆ ಲಿಂಗರಾಜ್ ಸರ್ ಫೋನ್ ಮಾಡಿದರು. ಸಮಾಧಾನ ಹೇಳಿದರು, ಅವರ ದನಿಯೂ ಒಡೆದಿತ್ತು. ಫೋನ್ ಇಡುವ ಮುಂಚೆ ತಡವರಿಸಿ ಕೇಳಿದರು: “ಟೀಚರ್, ತಪ್ಪು ತಿಳೀಬ್ಯಾಡ್ರಿ, ಭಾಷಣ ಮಾಡೋ ಮಕ್ಕಳ ಪಟ್ಟಿ ಎಲ್ಲಿ ಇಟ್ಟೀರಿ?”

“ನನ್ನ ಟೇಬಲ್ಲಿನ ಎಡಗಡೆ ಡ್ರಾದಾಗ ಐತಿ ಸರ್” ಎಂದಳು.

ಹದಿನೈದು ದಿನದ ಮೇಲೆ ಕೇರಿಯ ಹಿರಿಯರೊಬ್ಬರು ಅವಳನ್ನು ಹೊಸಪೇಟೆಯ ವಕೀಲೆ ಶ್ರೀಲಕ್ಷ್ಮೀಯ ಹತ್ತಿರ ಕರೆದೊಯ್ದರು. ಶ್ರೀಲಕ್ಷ್ಮೀ ಅರ್ಚಕರ ಮನೆಯ ಹೆಣ್ಣುಮಗಳು, ಅನುಸೂಯಾಳಷ್ಟೇ ವಯಸ್ಸು. ಬಡವರ ಕೇಸುಗಳನ್ನು ಕಾನೂನು ನೆರವಿನ ಕಡೆಯಿಂದ ನಡೆಸುತ್ತಿದ್ದಳು. ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿದಳು. ದಿನ, ತಾಸು ಗುರುತು ಹಾಕಿಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು.

“ಶನಿವಾರ ನಾಕು ಗಂಟಿಗೆ ಇಪ್ಪತ್ನಾಲ್ಕು ತಾಸು ಆಗಿತ್ತಲ್ರೀ. ಆಗ ಯಾಕ ಕೋರ್ಟಿಗೆ ಬರಲಿಲ್ಲ?”

“ಅರೆಸ್ಟ್ ಮಾಡಿಲ್ಲ ಅಂದ್ರು.”

“ಅವರು ಏನಾದ್ರೂ ಹೆಸರಿಡಲಿ. ಮನಿಗೆ ಹೋಗ್ತೀನಿ ಅಂದವನ್ನ ಬಿಡದ ಇಟ್ಕೊಂಡ್ರ ಅದು ಬಂಧನನೇ. ಇಪ್ಪತ್ನಾಲ್ಕು ತಾಸಿನೊಳಗ ಸಮೀಪದ ನ್ಯಾಯಾಧೀಶರ ಮುಂದ ನಿಲ್ಲಿಸಲೇಬೇಕು. ಭಾನುವಾರ ಇದ್ರೂ ಅಷ್ಟ, ನ್ಯಾಯಾಧೀಶರ ಮನಿಗೇ ಕರಕೊಂಡು ಹೋಗ್ತಾರ. ಮುಂದ ನಿಂತವನಿಗೆ ಅವರು, ಹೊಡದಾರೇನು, ಮೈಯಾಗ ಏನರ ತೊಂದ್ರಿ ಅದ ಏನು ಅಂತ ಕೇಳೇ ಕೇಳ್ತಾರ. ನಿಮ್ಮ ತಮ್ಮ ‘ಗುಳಿಗಿ’ ಅಂತ ಒಂದು ಮಾತು ಅಂದಿದ್ರ ಸಾಕಾಗಿತ್ತು. ಇದು ಸಂವಿಧಾನದಾಗೇ ಬರದದ್ದು ರೀ. ಇಪ್ಪತ್ತೆರಡನೇ…”

“ಇಪ್ಪತ್ತೆರಡನೇ ವಿಧಿ” ಎಂದಳು ಅನುಸೂಯಾ.

ಶ್ರೀಲಕ್ಷ್ಮೀ ತಲೆಯೆತ್ತಿ ನೋಡಿದಳು.

“ಸ್ವಾತಂತ್ರ್ಯದ ಹಕ್ಕಿನ ಕೆಳಗ ಬರ್ತದ. ನಾಲ್ಕು ಅಂಕದ ಪ್ರಶ್ನೆ. ಜುಲೈದಾಗ ಮಾಡಿದ್ದೆ” ಎಂದು ಅನುಸೂಯಾ ಯಾರೋ ಬೇರೆಯವರ ದನಿಯಲ್ಲಿ ಹೇಳಿದಳು. “ಬೋರ್ಡಿನ ಮ್ಯಾಲ ಬರದಿದ್ದೆ. ಪರೀಕ್ಷೆಗೆ ಕೊಟ್ಟಿದ್ದೆ. ಅಂಜಲಿ ಅಂತ ಒಂದು ಹುಡುಗಿ ಇಪ್ಪತ್ನಾಲ್ಕು ಗಂಟೆ ಅಂತ ಬರದು ‘ಸಮೀಪದ ನ್ಯಾಯಾಧೀಶರ ಮುಂದೆ’ ಅನ್ನೋದನ್ನ ಬಿಟ್ಟಿದ್ಳು. ಅರ್ಧ ಅಂಕ ಕಡದೆ.”

ಅಷ್ಟು ಹೇಳಿದವಳು ಮೇಜಿಗೆ ಹಣೆ ಹಚ್ಚಿದಳು. ಆಸ್ಪತ್ರೆಯಲ್ಲಿ ಬಾರದ ಅಳು, ಮಣ್ಣು ಮಾಡುವಾಗ ಬಾರದ ಅಳು ಆಗ ಬಂತು. ಅವಳಿಗೆ ಗೊತ್ತಿರಲಿಲ್ಲ ಎಂದಾಗಿದ್ದರೆ ಒಂದು ಮಾತು. ಗೊತ್ತಿತ್ತು. ಹತ್ತು ವರ್ಷದಿಂದ ಗೊತ್ತಿತ್ತು. ಆದರೆ ಅದು ಪುಸ್ತಕದೊಳಗಿನ ಮಾತು, ಪರೀಕ್ಷೆಗೆ ಬರುವ ಮಾತು ಎಂದೇ ಗೊತ್ತಿತ್ತು. ಆ ‘ಬಂಧಿತ ವ್ಯಕ್ತಿ’ ಎಂದರೆ ಪಂಪೇಶ್ ಆಗಿರಬಹುದು, ಆ ‘ಸಮೀಪದ ನ್ಯಾಯಾಧೀಶರು’ ಎಂದರೆ ಅವ್ವ ಬೆರಳು ಮಾಡಿ ತೋರಿಸಿದ ಆ ಕಟ್ಟಡದಲ್ಲಿ ಕೂತವರು ಎಂದು ಮೂರು ದಿನದಲ್ಲಿ ಒಂದು ಗಳಿಗೆಯೂ ಹೊಳೆದಿರಲಿಲ್ಲ. ಅಕ್ಷರ ಬಾರದ ಅವ್ವನ ಕಾಲು ತಾವಾಗಿಯೇ ಅತ್ತ ಹೊರಟಿದ್ದವು. ಓದಿದವಳು ಅವಳನ್ನು ಹಿಡಿದು ಕೂರಿಸಿದ್ದಳು.

ಸಾವಿನ ವಿಚಾರಣೆ ನಡೆಯಿತು. ಠಾಣೆಯ ಕಾಗದದಲ್ಲಿ ಪಂಪೇಶನನ್ನು ಕರೆತಂದದ್ದು ಸೋಮವಾರ ಬೆಳಗಿನ ಜಾವ ಐದೂವರೆಗೆ ಎಂದಿತ್ತು. ಅದಕ್ಕೂ ಮುಂಚಿನ ಮೂರು ದಿನ ಅವನು ಅಲ್ಲಿ ಇರಲೇ ಇಲ್ಲ. ಅನುಸೂಯಾ ಹೇಳಿಕೆ ಕೊಟ್ಟಳು. ಬಸಕ್ಕ ಹೆಬ್ಬೆಟ್ಟು ಒತ್ತಿದಳು. ಮುರುಗೇಶನ ಸರದಿ ಬಂದಾಗ ಅವನು ನೆಲ ನೋಡುತ್ತ, “ಆ ದಿವಸಗಳದ್ದು ನನಗ ಸರಿಯಾಗಿ ನೆನಪಿಲ್ಲ” ಎಂದ. ಹೊರಗೆ ಬರುವಾಗ ಬಸಕ್ಕ ಅವನ ದಾರಿಗೆ ಅಡ್ಡ ನಿಂತಳು.

“ಯಪ್ಪಾ, ನಾ ಕಟ್ಟಿ ತಂದ ರೊಟ್ಟಿ ಅವ ತಿಂದನೇನು? ಅದನ್ನರ ಹೇಳು.”

ಮುರುಗೇಶ್ ಕಣ್ಣು ತುಂಬಿಕೊಂಡ. ಪಕ್ಕಕ್ಕೆ ಸರಿದು ಹೋಗಿಬಿಟ್ಟ.

ವರದಿ ಬರಲು ಹನ್ನೊಂದು ತಿಂಗಳು ಹಿಡಿಯಿತು. ಮೂರ್ಛೆರೋಗದಿಂದ ಸಾವು, ಚಿಕಿತ್ಸೆ ಕೊಡಿಸುವುದರಲ್ಲಿ ವಿಳಂಬ, ಇಲಾಖೆಯ ವಿಚಾರಣೆಗೆ ಶಿಫಾರಸು. ಸಾಹೇಬರಿಗೆ ವರ್ಗವಾಯಿತು. ಶ್ರೀಲಕ್ಷ್ಮೀ ಧಾರವಾಡದ ಹೈಕೋರ್ಟಿಗೆ ಅರ್ಜಿ ಹಾಕಿದಳು. ಅದು ಇನ್ನೂ ನಡೆದಿದೆ.

ಶಾಲೆಗೆ ಮರಳಿದ ಮೊದಲ ದಿನ ಅನುಸೂಯಾಳಿಗೆ ಮೈಕಿನ ಮುಂದೆ ನಿಲ್ಲಲಾಗಲಿಲ್ಲ. ಆ ಕೆಲಸವನ್ನು ಬೇರೆಯವರಿಗೆ ಬಿಟ್ಟಳು. ತರಗತಿಯಲ್ಲಿ ಮಾತ್ರ ಅವಳ ಪಾಠ ಬೇರೆಯಾಯಿತು. ಪುಸ್ತಕ ಮುಚ್ಚಿಸುತ್ತಿದ್ದಳು. “ನಿಮ್ಮ ಅಪ್ಪನ್ನ ಪೊಲೀಸರು ಕರಕೊಂಡು ಹೋದ್ರು ಅನ್ಕೋರಿ. ಈಗ ಗಂಟೆ ಎಷ್ಟು? ಮೊದಲು ಅದನ್ನ ಬರಕೋಬೇಕು. ಯಾಕ ಅಂತ ಕೇಳಬೇಕು. ಹೇಳದ ಇರಾಕ ಅವರಿಗೆ ಬರಂಗಿಲ್ಲ. ವಕೀಲರನ್ನ ಇಡಬಹುದು. ಕೋರ್ಟ್ ಎಲ್ಲೈತಿ? ನಿಮ್ಮೂರಿಂದ ಯಾವ ಬಸ್?” ಕೆಲವು ಮಕ್ಕಳು ಬಿಕ್ಕಿ ಅತ್ತರು. ಮನೆಗೆ ಹೋಗಿ ಹೇಳಿದರು. ಕೆಲವು ತಂದೆಯರು ಬಂದು ಜಗಳವಾಡಿದರು: ಸಣ್ಣ ಮಕ್ಕಳಿಗೆ ಪೊಲೀಸು, ಜೈಲು ಅಂತ ಏನ್ರಿ ಇದು? ಲಿಂಗರಾಜ್ ಸರ್ ಅವಳನ್ನು ಕೋಣೆಗೆ ಕರೆದರು.

“ಟೀಚರ್, ನಿಮ್ಮ ಸಂಕಟ ನನಗ ಅರ್ಥ ಆಗ್ತದ. ಆದ್ರ ಪಾಠದಾಗ ಇದ್ದಷ್ಟು ಮಾಡ್ರಿ.”

“ಪಾಠದಾಗ ಇದ್ದದ್ದೇ ಮಾಡಾಕತ್ತೀನಿ ಸರ್. ಮೊದಲು ಮಾಡಿರಲಿಲ್ಲ.”

ಲಿಂಗರಾಜ್ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ.

ಹಾಗೆ ಮಕ್ಕಳ ಬಾಯಿಂದ ಅವಳ ಫೋನ್ ನಂಬರು ಊರೂರು ಸುತ್ತಿತು. ಒಂದು ಭಾನುವಾರ ಸಂಡೂರಿನಿಂದ ನಿಂಗಕ್ಕ ಎಂಬವಳು ಫೋನ್ ಮಾಡಿದಳು. ಅವಳ ಗಂಡ ಪಕೀರಪ್ಪ ಅದಿರು ಲಾರಿಯ ಕ್ಲೀನರ್. ಡೀಸೆಲ್ ಕಳುವಿನ ಅನುಮಾನದ ಮೇಲೆ ಶನಿವಾರ ಬೆಳಿಗ್ಗೆ ಎಂಟಕ್ಕೆ ಕರೆದೊಯ್ದಿದ್ದರು. “ವಿಚಾರಣೆ ಅಷ್ಟ ಅಂತಾರ್ರಿ ಅಕ್ಕಾರ. ನಾಳೆ ಬಿಡ್ತಾರಂತ” ಎಂದಳು. ಅನುಸೂಯಾ ಗಡಿಯಾರ ನೋಡಿದಳು. ಇಪ್ಪತ್ತಾರು ತಾಸಾಗಿತ್ತು. ಶ್ರೀಲಕ್ಷ್ಮೀಗೆ ತಿಳಿಸಿ ಸಂಡೂರಿನ ಬಸ್ ಹತ್ತಿದಳು.

ಆ ಠಾಣೆಯಲ್ಲಿ ಅವಳಿಗೆ ಯಾರೂ ಕೂರಲು ಹೇಳಲಿಲ್ಲ. ಮೇಜಿನ ಮುಂದೆ ನಿಂತೇ ಕೇಳಿದಳು.

“ಪಕೀರಪ್ಪನ್ನ ಎಷ್ಟು ಗಂಟಿಗೆ ಕರಕೊಂಡು ಬಂದ್ರಿ, ಯಾಕ ಕರಕೊಂಡು ಬಂದ್ರಿ, ಬರದು ಕೊಡ್ರಿ. ನಮ್ಮ ವಕೀಲರು ಇನ್ನು ಅರ್ಧ ತಾಸಿಗೆ ನ್ಯಾಯಾಧೀಶರ ಮನಿಗೆ ಅರ್ಜಿ ತಗೊಂಡು ಹೋಗ್ತಾರ.”

“ನೀ ಯಾರಮ್ಮ?” ಎಂದರು ಮೇಜಿನ ಹಿಂದೆ ಕೂತಿದ್ದ ಅಧಿಕಾರಿ.

“ಟೀಚರ್.”

“ಏನ್ ಪಾಠ ಮಾಡ್ತಿ?”

“ಇದನ್ನೇ.”

ಕೂತಿದ್ದವರು ಒಳಗೆ ಹೋದರು. ಯಾರಿಗೋ ಫೋನ್ ಮಾಡಿದರು. ಒಂದು ತಾಸಿನೊಳಗೆ ಪಕೀರಪ್ಪ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ. ಏನೂ ಬರೆಯಲಿಲ್ಲ, “ಸುಮ್ನ ಕೇಳಾಕ ಕರೆಸಿದ್ವಿ” ಎಂದರು. ನಿಂಗಕ್ಕ ಗಂಡನ ಎದೆಗೆ ಗುದ್ದಿ ಗುದ್ದಿ ಅತ್ತಳು, ಆಮೇಲೆ ಅವನ ಶರ್ಟಿನ ಗುಂಡಿ ಸರಿಮಾಡಿದಳು. ಅನುಸೂಯಾಳ ಕಾಲು ಮುಟ್ಟಲು ಬಂದಳು. ಅನುಸೂಯಾ ಹಿಂದಕ್ಕೆ ಸರಿದು, “ಮನಿಗೆ ಹೋಗ್ರಿ, ಜಲ್ದಿ ಹೋಗ್ರಿ” ಎಂದಷ್ಟೇ ಹೇಳಿ ರಸ್ತೆಗೆ ಬಂದಳು. ಲಾರಿಗಳು ಹೋಗುತ್ತಿದ್ದವು. ಕೆಂಪು ಧೂಳು ಕಣ್ಣಿಗೆ ಬಿದ್ದಿತು ಎಂದುಕೊಂಡು ಒರೆಸಿಕೊಂಡಳು. ಹೊಸಪೇಟೆ ಬರುವವರೆಗೂ ಒರೆಸಿಕೊಂಡಳು. ಇಷ್ಟೇನಾ? ಒಂದು ಬಸ್ಸು, ಎರಡು ಮಾತು, ಒಂದು ತಾಸು. ಇಷ್ಟೇ ಸಾಕಿತ್ತೇ? ಇದು ಕಷ್ಟದ ಕೆಲಸವಾಗಿದ್ದರೆ, ದೊಡ್ಡವರಿಂದ ಮಾತ್ರ ಆಗುವ ಕೆಲಸವಾಗಿದ್ದರೆ ಅವಳ ಎದೆ ಇಷ್ಟು ಸುಡುತ್ತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಬಸಕ್ಕ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

“ಬಿಟ್ರೇನು?”

“ಬಿಟ್ರವ್ವ.”

“ಎಷ್ಟೊತ್ತು ಹಿಡೀತು?”

“ಒಂದು ತಾಸು.”

ಬಸಕ್ಕನ ಕೈ ಮೊರದಲ್ಲೇ ನಿಂತಿತು. ಎರಡು ವರ್ಷದಿಂದ ಬಾಯಿಗೆ ಬಂದು ಹಿಂದಕ್ಕೆ ಹೋಗುತ್ತಿದ್ದ ಮಾತು ಆಗ ಹೊರಗೆ ಬಿತ್ತು.

“ಊರ ಮಂದಿ ಮಕ್ಕಳನ್ನೆಲ್ಲ ಬಿಡಿಸ್ಕೊಂಡು ಬರ್ತಿ. ನನ್ನ ಮಗನ ಪಾಳಿ ಬಂದಾಗ ಸುಮ್ನಿರು ಅಂದಿ. ನಾ ಎದ್ದು ನಿಂತಿದ್ದೆ, ಅನಸೂ. ನಾ ಎದ್ದು ನಿಂತಿದ್ದೆ. ನೀ ಕುಂದ್ರಿಸಿದಿ.”

ಅನುಸೂಯಾ ಚೀಲ ಕೆಳಗಿಟ್ಟಳು. ತಾಯಿಯ ಎದುರಿಗೆ ಹೊಸ್ತಿಲ ಮೇಲೆ ಕೂತಳು. ಬಸಕ್ಕ ಮೊರವನ್ನು ಪಕ್ಕಕ್ಕಿಟ್ಟು, ಮಗ ಸತ್ತ ಮೇಲೆ ಮೊದಲ ಸಲ ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಂತರು. ಅನುಸೂಯಾ ಅವ್ವನನ್ನು ಮುಟ್ಟಲು ಹೋದಳು. ಬಸಕ್ಕ ಕೈ ಸರಿಸಿದಳು.

ನಾಲ್ಕು ದಿನ ತಾಯಿ ಮಗಳ ನಡುವೆ ಮಾತಿರಲಿಲ್ಲ. ಬಸಕ್ಕ ಅಡುಗೆ ಮಾಡಿಟ್ಟು ತೋಟಕ್ಕೆ ಹೋಗುವಳು, ಅನುಸೂಯಾ ಉಂಡು ಶಾಲೆಗೆ ಹೋಗುವಳು. ಐದನೇ ದಿನ ಬೆಳಿಗ್ಗೆ ಅನುಸೂಯಾ ಸ್ನಾನಕ್ಕೆ ಹೋದಾಗ ಫೋನು ರಿಂಗಾಯಿತು. ಬಸಕ್ಕ ಎತ್ತಿದಳು. ಮಗಳು ಹೊರಗೆ ಬರುವಷ್ಟರಲ್ಲಿ ಅವಳು ಬಚ್ಚಲ ಬಾಗಿಲಿಗೆ ಬಂದು ನಿಂತಿದ್ದಳು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

“ಯಾವುದೋ ಹೆಣ್ಮಗಳು ಅಳಾಕತ್ಯಾಳ. ಮಗನ್ನ ನಿನ್ನೆ ಮಧ್ಯಾಹ್ನ ಎರಡಕ್ಕ ಒಯ್ದಾರಂತ. ನಾ ಕೇಳೀನಿ. ಇನ್ನೂ ಹೊತ್ತು ಐತಿ. ಜಲ್ದಿ ಮಾತಾಡು.”

ಅನುಸೂಯಾ ಒದ್ದೆ ಕೈಯಲ್ಲೇ ಫೋನು ಇಸಿದುಕೊಂಡಳು. ಬಸಕ್ಕ ಅವಳ ಚೀಲ, ಕೊಡೆ ತಂದು ಬಾಗಿಲಲ್ಲಿ ಇಟ್ಟಳು. ಅಂದು ಬುತ್ತಿ ಕಟ್ಟುವಾಗ ಇಬ್ಬರಿಗೆ ಆಗುವಷ್ಟು ಕಟ್ಟಿ, ತೋಟದವರಿಗೆ ಬರುವುದಿಲ್ಲವೆಂದು ಹೇಳಿಕಳಿಸಿ, ತಾನೂ ಬಸ್ ಹತ್ತಿದಳು. ಆ ಹುಡುಗ ಮಧ್ಯಾಹ್ನಕ್ಕೆ ಮುಂಚೆ ನ್ಯಾಯಾಧೀಶರ ಮುಂದೆ ನಿಂತ, ಸಂಜೆಗೆ ಮನೆ ಸೇರಿದ.

ಹೊಸ್ತಿಲಲ್ಲಿ ಆಡಿದ ಮಾತನ್ನು ಬಸಕ್ಕ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೋ ಎಂದು ಅನುಸೂಯಾ ಯಾವತ್ತೂ ಕೇಳಲಿಲ್ಲ.